ಚಪ್ಪಲಿ ಬಿಟ್ಟು ದಾಟಬೇಕಾದ ರಸ್ತೆ

ಹೊನ್ನಾಳಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಟೇಪು ಮೈಮೇಲಿರುವಾಗಲೇ ಕೇಳುತ್ತಾರೆ, "ಇವತ್ತು ಕಲ್ಲು ಸಿಕ್ಕಿದ್ವಾ ಅಕ್ಕಾ?" ಕೇಳಿ ಕಿಸಕ್ಕನೆ ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ. ನಾನು ಕಲ್ಲು ಎತ್ತುವವಳೇ. ನ್ಯಾಮತಿ ಕಡೆಯ ನಮ್ಮೂರಿನಿಂದ ಹೊನ್ನಾಳಿಗೆ ದಿನಾ ಸ್ಕೂಟಿಯಲ್ಲಿ ಬಂದು ಹೋಗುತ್ತೇನೆ. ಸುಗ್ಗಿ ಬಂತೆಂದರೆ ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆಯ ಮೇಲಿನ ಕಲ್ಲುಗಳನ್ನೆಲ್ಲ ಎತ್ತಿ ಚರಂಡಿಗೆ ಎಸೆದೇ ಮುಂದೆ ಹೋಗುವುದು.

ಆ ಕಲ್ಲುಗಳೇನು ಕಾಲು ಬಂದು ನಡೆದು ಬಂದವಲ್ಲ. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ರಾಗಿ ತೆನೆಯನ್ನೋ ಹುರುಳಿ ಬಳ್ಳಿಯನ್ನೋ ರಸ್ತೆಗೆ ಹರವಿಬಿಟ್ಟರೆ ಬಸ್ಸು, ಲಾರಿಗಳು ಪುಕ್ಕಟೆ ತುಳಿದು ಕಾಳು ಉದುರಿಸಿ ಕೊಡುತ್ತವೆ. ಮೆಕ್ಕೆಜೋಳವಾದರೆ ಬರೀ ಒಣಗಲು ಹಾಕುವುದು. ಅದರ ಮೇಲೆ ಗಾಡಿ ಹಾಯಬಾರದೆಂದು ಸುತ್ತ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಸಂಜೆಗೆ ಕಾಳು ಚೀಲ ಸೇರುತ್ತದೆ, ಚೀಲ ಮನೆ ಸೇರುತ್ತದೆ. ಕಲ್ಲು ಮಾತ್ರ ಅಲ್ಲೇ. ಚೆಲ್ಲಿದ ಒಂದೊಂದು ಕಾಳನ್ನೂ ಪೊರಕೆ ಹಿಡಿದು ಗುಡಿಸಿಕೊಳ್ಳುವ ಜನಕ್ಕೆ ತಲೆಗಾತ್ರದ ಕಲ್ಲು ಕಾಣುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಒಮ್ಮೆ ಹೀಗೆ ಎಸೆಯುತ್ತಿದ್ದಾಗ ಹೊಲದ ಯಜಮಾನ ಓಡಿ ಬಂದ.

"ಅಕ್ಕಾ, ಅಕ್ಕಾ, ಅವು ನಮ್ಮ ಕಲ್ಲು. ನಾಳೆ ಮತ್ತೆ ಬೇಕಾಗ್ತಾವೆ."

"ನಿಮ್ಮವಾದ್ರೆ ಮನೆಗೆ ಹೊತ್ಕೊಂಡು ಹೋಗ್ರಿ. ರಾತ್ರಿ ತಲೆದಿಂಬು ಮಾಡ್ಕೊಳ್ರಿ," ಎಂದೆ.

ಆ ಮಾತು ನಾನು ಮನೆ ಮುಟ್ಟುವುದಕ್ಕೆ ಮೊದಲೇ ಊರು ಮುಟ್ಟಿತ್ತು. ಅದಕ್ಕೆ ಮೊದಲು ನನ್ನ ಹೆಲ್ಮೆಟ್ಟಿನ ಮೇಲೆ ಆಡಿಕೊಳ್ಳುತ್ತಿದ್ದರು. ಕಿರಾಣಿ ಅಂಗಡಿಗೆ ಬೆಲ್ಲ ತರಲು ಹೋದರೂ ನಾನು ಹೆಲ್ಮೆಟ್ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದೇ ಹೋಗುವವಳು. "ಚಂದ್ರಲೋಕಕ್ಕೆ ಹೊಂಟ್ರಾ?" ಎಂದು ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದರು. ನಮ್ಮ ಕಡೆಯ ಗಂಡಸರು ಹೆಲ್ಮೆಟ್ಟನ್ನು ಮೊಣಕೈಗೆ ಬಳೆಯ ಹಾಗೆ ತೊಟ್ಟುಕೊಂಡು ಗಾಡಿ ಓಡಿಸುತ್ತಾರೆ. ಹೊನ್ನಾಳಿ ಸರ್ಕಲ್ಲಿನಲ್ಲಿ ಪೊಲೀಸಿನವರು ಕಂಡರೆ ತಲೆಗೆ ಏರುತ್ತದೆ, ಸರ್ಕಲ್ ದಾಟಿದ ಕೂಡಲೇ ಮತ್ತೆ ಮೊಣಕೈಗೆ ಇಳಿಯುತ್ತದೆ. ತಲೆ ಯಾರದು, ಪೊಲೀಸಿನವರದೋ ಇವರದೋ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನ್ನ ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ನಮ್ಮ ಹೊಲದಲ್ಲಿ ನಿಜವಾದ ಕಣವಿತ್ತು. ಸುಗ್ಗಿಗೆ ಮುಂಚೆ ನೆಲ ಕೆತ್ತಿ, ನೀರು ಹೊಯ್ದು, ಬಡಿದು, ಅವ್ವ ಸಗಣಿಯಿಂದ ಸಾರಿಸುತ್ತಿದ್ದಳು. ಒಣಗಿದ ಮೇಲೆ ಅದರ ಮೇಲೆ ಮಲಗಿ ನಿದ್ದೆ ಮಾಡಬೇಕು ಎನ್ನಿಸುವಷ್ಟು ನುಣುಪು. ಕಣಕ್ಕೆ ಚಪ್ಪಲಿ ಹಾಕಿಕೊಂಡು ಕಾಲಿಡುವ ಹಾಗಿಲ್ಲ. ಊರ ಗೌಡರೇ ಬಂದರೂ ಬದುವಿನ ಮೇಲೆ ಚಪ್ಪಲಿ ಬಿಟ್ಟೇ ಒಳಗೆ ಬರಬೇಕು. ಅಲ್ಲಿ ಕೆಟ್ಟ ಮಾತು ಆಡುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನಕನನ್ನಿಟ್ಟು, ಗರಿಕೆ ಸಿಕ್ಕಿಸಿ, ಕಾಯಿ ಒಡೆದು, "ಹುಲುಸಾಗಲಿ, ಹುಲುಸಾಗಲಿ" ಎನ್ನುತ್ತಾ ಮೊರಕ್ಕೆ ತುಂಬುತ್ತಿದ್ದರು. ಹೊಸ ಕಾಳನ್ನು ಮೊದಲು ಬೊಗಸೆಯಲ್ಲಿ ಎತ್ತಿ ಮೂಸಿ ನೋಡುವುದು ನನ್ನ ತಮ್ಮನ ಹಕ್ಕಾಗಿತ್ತು. ಅವನ ಮೂಗು ಅಷ್ಟು ಚುರುಕು. "ಮಳೆ ವಾಸ್ನೆ ಐತೆ, ಇನ್ನೊಂದು ಬಿಸಿಲು ಬೇಕು," ಎಂದು ಅವನು ಹೇಳಿದರೆ ಅಪ್ಪ ಚೀಲ ತುಂಬುವುದನ್ನು ನಿಲ್ಲಿಸುತ್ತಿದ್ದ.

ಆಮೇಲೆ ಊರಿಗೆ ಡಾಂಬರು ಬಂತು. ನೆಲ ಕೆತ್ತಿ ಸಾರಿಸುವ ಕೆಲಸ ಯಾರಿಗೆ ಬೇಕು? ಊರೂರಿನಲ್ಲೂ ಕಣ ರಸ್ತೆಗೆ ಬಂತು. ಕಣದ ಜೊತೆ ಕಣದ ಶಾಸ್ತ್ರಗಳೂ ಬಂದವು. ರಸ್ತೆಯ ನಡುವೆ ರಾಶಿ, ರಾಶಿಯ ಮೇಲೆ ಬೆನಕ, ಬೆನಕನ ಮುಂದೆ ಊದುಬತ್ತಿ, ಪಕ್ಕದಲ್ಲೇ ಭರ್ರೆಂದು ಹಾಯುವ ಲಾರಿ.

ತಮ್ಮ ಬೆಳೆದು ದೊಡ್ಡವನಾಗಿ ಚನ್ನಗಿರಿಯಲ್ಲಿ ಒಂದು ಸಣ್ಣ ಹೋಟೆಲ್ ಇಟ್ಟ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ಅವನ ಒಗ್ಗರಣೆಯ ಘಮಕ್ಕೇ ಜನ ಬಸ್ಸಿಳಿದು ಬರುತ್ತಿದ್ದರು. ಬೆಳ್ಳುಳ್ಳಿ ಎಷ್ಟು ಕೆಂಪಗಾಯಿತು ಎಂಬುದನ್ನು ಅವನು ಬಾಣಲೆ ನೋಡದೆ, ಗಿರಾಕಿಗಳ ಜೊತೆ ಮಾತಾಡುತ್ತಲೇ ಹೇಳುತ್ತಿದ್ದ.

ಒಂದು ಸುಗ್ಗಿಯಲ್ಲಿ ಊರಿಗೆ ಹೋಗಿದ್ದವನು ಜಗಳೂರು ಪೇಟೆಗೆ ಹೋಗಿ ಮುಸ್ಸಂಜೆ ಬೈಕಿನಲ್ಲಿ ವಾಪಸು ಬರುತ್ತಿದ್ದ. ರಸ್ತೆಯಲ್ಲಿ ಮೆಕ್ಕೆಜೋಳ ಇರಲಿಲ್ಲ, ಅದನ್ನು ಯಾರೋ ಆಗಲೇ ತುಂಬಿಕೊಂಡು ಹೋಗಿದ್ದರು. ಕಲ್ಲಿನ ಸಾಲು ಇತ್ತು. ಹೆಲ್ಮೆಟ್ ಇತ್ತು, ಬೈಕಿನ ಕನ್ನಡಿಯಲ್ಲಿ ನೇತಾಡುತ್ತಿತ್ತು. ಅವನ ತಲೆ ರಸ್ತೆಗೆ ಬಡಿಯಿತು. ಆಸ್ಪತ್ರೆಯಿಂದ ಕೈಕಾಲು ನೆಟ್ಟಗಿದ್ದು ಮನೆಗೆ ಬಂದಾಗ ನಾವೆಲ್ಲ ದೇವರಿಗೆ ಕಾಯಿ ಒಡೆಸಿದೆವು. ಆಮೇಲೆ ಗೊತ್ತಾಯಿತು, ಅವನ ಮೂಗಿಗೆ ವಾಸನೆ ಹೋಗಿಬಿಟ್ಟಿತ್ತು. ತಲೆಗೆ ಪೆಟ್ಟು ಬಿದ್ದರೆ ಹಾಗೂ ಆಗುತ್ತದಂತೆ, ಮತ್ತೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲವಂತೆ. ಬರಲಿಲ್ಲ. ಒಗ್ಗರಣೆ ಸೀದು ಹೊಗೆ ಎದ್ದು ಕಣ್ಣು ಉರಿಯುವ ತನಕ ಅವನಿಗೆ ತಿಳಿಯುವುದಿಲ್ಲ. ಈಗ ಬಾಣಲೆಯ ಮುಂದೆ ಅವನ ಹೆಂಡತಿ ನಿಲ್ಲುತ್ತಾಳೆ. ಅವನು ಲೋಟ ತೊಳೆಯುತ್ತಾನೆ.

ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರು: ಹಣೆಬರಹ. ನನಗೆ ಮೈಯೆಲ್ಲ ಉರಿಯಿತು. ಹಣೆಬರಹ ಅಷ್ಟು ಭಾರದ ಕಲ್ಲು ಹೊತ್ತು ತಂದು ಜಗಳೂರು ರಸ್ತೆಯಲ್ಲಿ ಸಾಲಾಗಿ ಜೋಡಿಸಿತೇ? ಎರಡು ಕೈಯಿದ್ದ ಒಬ್ಬ ಮನುಷ್ಯ ಇಟ್ಟ, ಎರಡು ಕೈಯಿದ್ದೂ ಎತ್ತಲಿಲ್ಲ. ಅವನು ಯಾರೆಂದು ಯಾರೂ ಕೇಳಲಿಲ್ಲ. ಕೇಳಿದರೆ ನಾಳೆ ತಾವೂ ರಸ್ತೆಗೆ ಹರವುವ ಹಾಗಿಲ್ಲವಲ್ಲ! ನಾನು ಕಲ್ಲು ಎತ್ತಲು ಶುರು ಮಾಡಿದ್ದು ಆವಾಗಿನಿಂದ.

ಆದರೆ ಊರ ಕಲ್ಲು ಎತ್ತುವವಳ ಮನೆಯಲ್ಲೇ ಕಲ್ಲಿತ್ತು. ನನ್ನ ಮಾವ, ಅಂದರೆ ಗಂಡನ ತಂದೆ, ಪ್ರತಿ ವರ್ಷ ಮನೆಯ ಮುಂದಿನ ರಸ್ತೆಯಲ್ಲೇ ರಾಗಿ ಒಕ್ಕಣೆ ಮಾಡಿಸುತ್ತಿದ್ದರು. ಮಾವ ಒಳ್ಳೆಯ ಮನುಷ್ಯ. ನಾನು ಅಂಗಡಿ ಇಡುತ್ತೇನೆಂದಾಗ ಮನೆಯಲ್ಲಿ ಮೊದಲು ಹೂಂ ಎಂದವರು ಅವರೇ. ಶಾಸ್ತ್ರದ ವಿಷಯಕ್ಕೆ ಬಂದರೆ ಮಾತ್ರ ಅವರದು ಉಡದ ಹಿಡಿತ. ನಮ್ಮ ಮನೆತನದಲ್ಲಿ ರಾಶಿಯನ್ನು ಪೂಜೆಯಾದ ಕೂಡಲೇ ತುಂಬುವ ಹಾಗಿಲ್ಲ, ಒಂದು ರಾತ್ರಿ ಅದು ಕಣದಲ್ಲೇ ನಿದ್ದೆ ಮಾಡಬೇಕು. ಕಣ ಹಿತ್ತಲಲ್ಲಿದ್ದ ಕಾಲದ ಪದ್ಧತಿ ಅದು. ಈಗ ಹಿತ್ತಲ ಕಣದಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ನಿಂತಿದೆ, ರಾಶಿ ರಸ್ತೆಯಲ್ಲಿ ನಿದ್ದೆ ಮಾಡುತ್ತದೆ. ಅದೂ ತಿರುವು ಮುಗಿಯುವಲ್ಲೇ, ಕಪ್ಪು ಟಾರ್ಪಾಲು ಹೊದ್ದು, ಸುತ್ತ ಕಲ್ಲು ಇಟ್ಟುಕೊಂಡು.

ತಮ್ಮ ಬಿದ್ದ ಮರುವರ್ಷ ನಮ್ಮ ರಾಶಿ ಪೂಜೆಗೆ ಅವನನ್ನೂ ಅವನ ಹೆಂಡತಿಯನ್ನೂ ಕರೆದಿದ್ದೆ. ಮಧ್ಯಾಹ್ನದ ವ್ಯಾಪಾರ ಮುಗಿಸಿ, ಚನ್ನಗಿರಿಯಿಂದ ಹೊನ್ನಾಳಿ ಮೇಲೆ ಬೈಕಿನಲ್ಲಿ ಬರುತ್ತೇವೆ, ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗುತ್ತದೆ ಎಂದಿದ್ದ. ಫೋನಿಟ್ಟ ಕೂಡಲೇ ನನಗೆ ನಮ್ಮ ತಿರುವು ನೆನಪಾಯಿತು. ಆ ಹೊತ್ತಿಗೆ ತಿರುವಿನಾಚೆ ಕಪ್ಪು ರಾಶಿ ಮಲಗಿರುತ್ತದೆ. ಮಾವನ ಹತ್ತಿರ ಹೋದೆ.

"ಮಾವಾ, ಈ ಸಲ ರಾಶಿ ರಸ್ತೆ ಮೇಲೆ ಬ್ಯಾಡ. ಹಿತ್ತಲ ಕಣ ನಾನೇ ಗುಡಿಸಿ ಕೊಡ್ತೀನಿ."

"ಡಾಂಬರಿಗಿಂತ ಒಳ್ಳೆ ಕಣ ಎಲ್ಲೈತವ್ವ? ಒಂದು ಮಣ್ಣಿನ ಹರಳು ಸೇರಲ್ಲ."

"ನನ್ನ ತಮ್ಮ ಬರ್ತಾನೆ ಸಂಜಿಗೆ."

"ನಿಧಾನಕ್ಕೆ ಬರ್ಲಿ. ರಸ್ತೆ ಮೇಲೆ ಕಣ್ಣಿಟ್ಟು ಗಾಡಿ ಹೊಡೆದ್ರೆ ಏನೂ ಆಗಲ್ಲ," ಎಂದು ಮಾವ ಎದ್ದು ಹೋದರು.

ಗಂಡ ಸಮಾಧಾನ ಮಾಡಲು ಬಂದರು. "ವರ್ಷಕ್ಕೆ ಒಂದು ರಾತ್ರಿ. ಸುಮ್ನಿರು. ನಿನ್ನ ತಮ್ಮಂಗೆ ಫೋನ್ ಮಾಡಿ ಹೇಳಿದ್ರಾಯ್ತು, ತಿರುವಿನತ್ರ ಹುಷಾರು ಅಂತ." ನಾನು ಫೋನ್ ಮಾಡಲಿಲ್ಲ. ನನ್ನ ತಮ್ಮನಿಗೆ ಹೇಳಿ ಅವನೊಬ್ಬನನ್ನು ಉಳಿಸಿಕೊಳ್ಳಬಹುದಿತ್ತು. ಅವನ ಹಿಂದೆ ಬರುವ ಬೇರೆ ಅಕ್ಕಂದಿರ ತಮ್ಮಂದಿರ ನಂಬರು ನನ್ನ ಹತ್ತಿರ ಇರಲಿಲ್ಲವಲ್ಲ. ಕಣ್ಣಿಟ್ಟು ಓಡಿಸಬೇಕಾದದ್ದು ಗಾಡಿಯವನ ಧರ್ಮ, ಒಪ್ಪಿದೆ. ಹಾಗೆಂದು ಅವನ ಕಣ್ಣಿನ ಪರೀಕ್ಷೆಗೆ ನಾವು ಕಲ್ಲಿಡುವುದು ಯಾವ ಧರ್ಮ?

ಪೂಜೆಯ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ರಾಶಿ ಸಿದ್ಧವಾಗಿತ್ತು. ರಸ್ತೆಯ ಒಂದು ಮಗ್ಗುಲಲ್ಲಿ ರಾಶಿ, ಇನ್ನೊಂದು ಮಗ್ಗುಲಲ್ಲಿ ಇನ್ನೂ ಗುಡಿಸದ ರಾಗಿ ಹುಲ್ಲು. ಗಾಡಿಗಳು ಆ ಹುಲ್ಲಿನ ಮೇಲೆ ಹಾಯ್ದು ಹೋಗುತ್ತಿದ್ದವು. ಮನೆಯವರ ಚಪ್ಪಲಿಗಳೆಲ್ಲ ರಸ್ತೆಯ ಅಂಚಿನಲ್ಲಿ ಸಾಲಾಗಿ ಕೂತಿದ್ದವು. ಮಾವ ಬೆನಕನಿಗೆ ಗರಿಕೆ ಸಿಕ್ಕಿಸುತ್ತಿದ್ದರು. ಅಷ್ಟರಲ್ಲಿ ಅತ್ತೆ ಕಾಯಿ, ಹಣ್ಣಿನ ಬುಟ್ಟಿ ಹಿಡಿದು ಅವಸರದಲ್ಲಿ ಬಂದರು. ಕಾಲಲ್ಲಿ ಚಪ್ಪಲಿ ಇತ್ತು.

ಮಾವ ಗುಡುಗಿದರು. "ಏಯ್! ಕಣದಾಗೆ ಚಪ್ಪಲಿ ಹಾಕ್ಕೊಂಡು ಬರ್ತೀಯಲ್ಲ, ಬುದ್ಧಿ ಐತಾ ನಿಂಗೆ?"

ಅತ್ತೆ ಬುಟ್ಟಿ ಹಿಡಿದುಕೊಂಡೇ ಹಿಂದೆ ಸರಿದು ಚಪ್ಪಲಿ ಕಳಚಿದರು. ಆ ಹೊತ್ತಿಗೆ ಸರಿಯಾಗಿ ಒಂದು ಟಿಪ್ಪರ್ ಲಾರಿ ಬಂದು, ಹುಲ್ಲನ್ನು ಅರೆದು, ರಾಶಿಯ ಅಂಚಿನ ಕಾಳನ್ನೂ ಒಂದಿಷ್ಟು ನುಣ್ಣಗೆ ಮಾಡಿ ಹೋಯಿತು. ಮಾವ ತಲೆ ಎತ್ತಿಯೂ ನೋಡಲಿಲ್ಲ. ಹೆಂಡತಿಯ ಸವೆದ ಚಪ್ಪಲಿಗೆ ಮುನಿದುಕೊಳ್ಳುವ ಭೂಮಿತಾಯಿ ಲಾರಿಯ ಗಾಲಿಗೆ ಮುನಿಯುವುದಿಲ್ಲವೇ?

ನನಗೆ ಸಿಟ್ಟು ನೆತ್ತಿಗೇರಿತು. ಸ್ಕೂಟಿಯ ಡಿಕ್ಕಿಯಲ್ಲಿ ಯಾರದೋ ಬ್ಲೌಸಿಗೆ ತಂದ ಕೆಂಪು ಲೈನಿಂಗ್ ಬಟ್ಟೆ ಇತ್ತು. ಅದನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ತಿರುವಿನಾಚೆ ಹೋಗಿ ನಿಂತೆ. ಮೊದಲು ಒಂದು ಬೈಕ್ ನಿಂತಿತು, ಅದರ ಹಿಂದೆ ಲಗೇಜ್ ಆಟೋ, ಅದರ ಹಿಂದೆ ನ್ಯಾಮತಿ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸು.

"ಏನಾತಕ್ಕಾ? ಆಕ್ಸಿಡೆಂಟಾ?" ಎಂದ ಬೈಕಿನವನು.

"ಇನ್ನೂ ಆಗಿಲ್ಲ. ಮುಂದೆ ಕಣ ಐತೆ. ಕಣದಾಗೆ ಚಪ್ಪಲಿ ಹಾಕ್ಕೊಂಡು ಹೋಗಂಗಿಲ್ಲ. ಗಾಡಿ ನಿಲ್ಲಿಸಿ, ಚಪ್ಪಲಿ ಕೈಯಾಗೆ ಹಿಡ್ಕೊಂಡು ನಡ್ಕೊಂಡು ದಾಟ್ರಿ."

"ನಾನು ಕಾಲು ಕೆಳಗೇ ಇಡಲ್ಲಕ್ಕಾ, ಗಾಡಿ ಮೇಲೇ ಹೋಗ್ತೀನಿ."

"ಗಾಡಿ ಕಾಲಿಡ್ತೈತಲ್ಲ!"

ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಬಸ್ಸಿಗೆ ಎಲ್ಲಿ ಚಪ್ಪಲಿ ಐತಮ್ಮ ಬಿಡಾಕೆ? ಟೈಮಾಗೈತೆ, ದಾರಿ ಬಿಡಮ್ಮ."

ನಾನು ಓಡಿ ಹೋಗಿ ಅಂಚಿನಲ್ಲಿದ್ದ ಮಾವನ ಮೆಟ್ಟುಗಳನ್ನು ಎತ್ತಿ ತಂದೆ. ಮಾವ ಅಂಗಡಿಯ ಚಪ್ಪಲಿ ಹಾಕುವವರಲ್ಲ, ಹಳೇ ಲಾರಿ ಟೈರು ಕೊಯ್ದು ಹೊಲಿದ ಮೆಟ್ಟನ್ನೇ ಜೀವಮಾನವಿಡೀ ಮೆಟ್ಟಿದವರು. ಅದನ್ನು ತಲೆಯ ಮೇಲೆತ್ತಿ ಎಲ್ಲರಿಗೂ ತೋರಿಸಿದೆ.

"ಇದೇನು ಹೇಳ್ರಿ? ಟೈರು ತಾನೇ? ಇದನ್ನ ಕಾಲಿಗೆ ಹಾಕ್ಕೊಂಡು ರಾಶಿ ಹತ್ರ ಬಂದ್ರೆ ಪಾಪ. ಇದೇ ಟೈರು ಬಸ್ಸಿಗೆ ಹಾಕ್ಕೊಂಡು ಬಂದ್ರೆ ಪುಣ್ಯನಾ? ನಮ್ಮ ಮಾವಾರು ಶಾಸ್ತ್ರ ಬಲ್ಲೋರು, ಅವರೇ ಹೇಳ್ಲಿ. ಅವರು ಟೈರು ಹಾಯ್ಲಿ ಅಂದ್ರೆ ಈಗ್ಲೇ ದಾರಿ ಬಿಡ್ತೀನಿ."

ಬಸ್ಸಿನೊಳಗೆ ನಗು ಎದ್ದಿತು, ಅದರ ಜೊತೆಗೆ ಬೈಗುಳವೂ. "ತಲೆ ಕೆಟ್ಟೈತೆ" ಎಂದವರಿದ್ದರು. "ಸರಿಯಾಗೇ ಐತೆ ಬಿಡ್ರಿ" ಎಂದವರೂ ಇದ್ದರು. ಹಾರನ್ನಿನ ಗದ್ದಲಕ್ಕೆ ಊರೇ ಬಂದು ಸೇರಿತು. ನನ್ನ ಗಂಡ ದೂರದಲ್ಲಿ ನಿಂತು, ಭೂಮಿ ಬಾಯಿ ಬಿಡಬಾರದೇ ಎನ್ನುವ ಮುಖ ಮಾಡಿದ್ದರು. ನಾನು ಬಟ್ಟೆ ಇಳಿಸಲಿಲ್ಲ.

ಆಗ ಬಸ್ಸಿನಿಂದ ಒಬ್ಬ ಮುದುಕರು ಇಳಿದರು. ಹೊನ್ನಾಳಿ ಸಂತೆಯಲ್ಲಿ ಬಳೆ ಮಾರುವ ಸಾಬರು, ನನ್ನ ಅಂಗಡಿಯ ಮುಂದೆಯೇ ಓಡಾಡುವವರು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಲುಂಗಿ ಸ್ವಲ್ಪ ಎತ್ತಿ, ಕಾಳು ತುಳಿಯದ ಹಾಗೆ ಅಂಚಿನಲ್ಲಿ ನಡೆದು ಆಚೆ ಮುಟ್ಟಿದರು. ಅಲ್ಲಿ ನಿಂತು ಮಾವನಿಗೆ ಹೇಳಿದರು, "ಅನ್ನ ಇಟ್ಟಿರೋ ಜಾಗ ಯಜಮಾನ್ರೇ. ನಿಮ್ಮ ಸೊಸೆ ಹೇಳೋದು ಸಹೀ ಐತೆ."

ಅವರ ಹಿಂದೆ ಮೂರ್ನಾಲ್ಕು ಹೆಂಗಸರು ಇಳಿದರು. ಚಪ್ಪಲಿ ಕೈಯಲ್ಲಿ ಹಿಡಿದು, ಮುಸಿಮುಸಿ ನಗುತ್ತಾ ಅವರೂ ದಾಟಿದರು. ಮಾವ ರಾಶಿಯ ಪಕ್ಕ ಗರಿಕೆ ಹಿಡಿದುಕೊಂಡು ನಿಂತೇ ಇದ್ದರು. ಟೈರು ಹಾಯಲಿ ಎಂದರೆ ಅವರ ಶಾಸ್ತ್ರವೇ ಸುಳ್ಳಾಗುತ್ತಿತ್ತು. ಮುಖ ಕೆಂಪಾಗಿತ್ತು. ಕೊನೆಗೆ ಗರಿಕೆ ಬುಟ್ಟಿಗೆ ಹಾಕಿ, ಯಾರನ್ನೂ ನೋಡದೆ ಹೇಳಿದರು, "ಪುಟ್ಟಿ ತರ್ರಿ. ಹಿತ್ತಲ ಕಣ ಗುಡಿಸ್ರಿ."

ಟ್ರೇಲರನ್ನು ಹಿತ್ತಲಿನಿಂದ ತಳ್ಳಲು ಬಸ್ಸಿನ ಗಂಡಸರೇ ಕೈ ಹಾಕಿದರು. ಅವರಿಗೂ ಬೇಗ ಹೋಗಬೇಕಿತ್ತಲ್ಲ. ನಾನು ಹುಲ್ಲು ಗುಡಿಸಿ ದಾರಿ ಮಾಡಿ ಕೊಟ್ಟ ಮೇಲೆ ಬಸ್ಸು ಹೊರಟಿತು. ಹೊರಡುವಾಗ ಡ್ರೈವರ್, "ನಿಮ್ಮಂಥೋರು ಊರಿಗೊಬ್ಬರಿದ್ರೆ ನಾನು ರಿಟೈರ್ ಆಗೋದ್ರೊಳಗೆ ಶಿವಮೊಗ್ಗ ಮುಟ್ಟಲ್ಲ ತಾಯಿ," ಎಂದ. "ಮುಟ್ಟಿದೋರೆಲ್ಲ ಜೀವಂತ ಮುಟ್ತಾರೆ," ಎಂದೆ.

ಪುಟ್ಟಿಗಳಲ್ಲಿ ರಾಶಿ ಹೊತ್ತು ಹಿತ್ತಲಿಗೆ ಸಾಗಿಸುವಾಗ ಅತ್ತೆ ಅತ್ತರು. ಒಮ್ಮೆ ಹಾಕಿದ ರಾಶಿ ಕಿತ್ತರೆ ಹುಲುಸು ಹೋಗುತ್ತದಂತೆ. ಮಾವ ನನ್ನ ಮುಂದೆ ಬಂದು ನಿಂತು, "ಊರ ಮುಂದೆ ನನ್ನ ಮಾನ ಕಳೆದೆಯಲ್ಲವ್ವ," ಎಂದರು. ದನಿ ಜೋರಾಗಿರಲಿಲ್ಲ.

"ಮಾನ ಹೋದ್ರೆ ಮತ್ತೆ ಬರ್ತೈತೆ ಮಾವಾ. ನನ್ನ ತಮ್ಮನ ಮೂಗಿಗೆ ವಾಸನೆ ಬರಲ್ಲ."

ಅವರು ಪುಟ್ಟಿ ತಲೆಗಿಟ್ಟುಕೊಂಡು ನಡೆದರು. ನನಗೆ ಅವರ ಮೇಲೆ ಕನಿಕರ ಬಂತು, ಪಶ್ಚಾತ್ತಾಪ ಬರಲಿಲ್ಲ. ರಾಶಿಯ ಸುತ್ತ ಇಡಲು ತಂದಿದ್ದ ನಮ್ಮ ಕಲ್ಲುಗಳನ್ನೆಲ್ಲ ನಾನೇ ಎತ್ತಿ ಹಾಕಿ, ರಸ್ತೆಯನ್ನು ಅಂಗಳದ ಹಾಗೆ ಗುಡಿಸಿ ಮುಗಿಸುವಾಗ ಸೂರ್ಯ ಮುಳುಗಿದ್ದ.

ದೀಪ ಹಚ್ಚುವ ಹೊತ್ತಿಗೆ ತಿರುವಿನಲ್ಲಿ ಬೈಕಿನ ಬೆಳಕು ಕಾಣಿಸಿತು. ನಾನು ಹೊಸ್ತಿಲಲ್ಲೇ ನಿಂತಿದ್ದೆ. ರಾಶಿ ಮಲಗಬೇಕಿದ್ದ ಜಾಗದ ಮೇಲೆ ಆ ಬೆಳಕು ಅಲುಗದೆ, ಬಾಗದೆ, ನೆಟ್ಟಗೆ ಬಂತು. ತಮ್ಮ ಇಳಿದು ಹೆಲ್ಮೆಟ್ ತೆಗೆದ, ಹಿಂದೆ ಕೂತಿದ್ದ ಅವನ ಹೆಂಡತಿಯೂ ತೆಗೆದಳು.

"ಯಾಕಕ್ಕಾ, ಈ ವರ್ಷ ರಾಶಿ ಇಲ್ವಾ? ರಸ್ತೆ ಮೇಲೆ ಏನೂ ಕಾಣ್ಲಿಲ್ಲ. ಅಗೋ ಆ ಹುಣಸೆಮರದತ್ರ ಮಾತ್ರ ಯಾರೋ ಮೆಕ್ಕೆಜೋಳದ ಕಲ್ಲು ಹಂಗೇ ಬಿಟ್ಟವ್ರೆ. ನಿಧಾನಕ್ಕೆ ಬಂದೆ, ಉಳ್ಕೊಂಡೆ."

ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಮಾವ ಒಳಗಿನಿಂದ ಬಂದರು. "ಬಾರಪ್ಪ. ಕಣ ಹಿತ್ತಲಾಗೈತೆ. ಚಪ್ಪಲಿ ಬಿಟ್ಟು ಬಾ," ಎಂದು ಅವನ ಕೈ ಹಿಡಿದು ಕರೆದುಕೊಂಡು ಹೋದರು.

ಹಿತ್ತಲಲ್ಲಿ ಬಲ್ಬಿನ ಬೆಳಕಿಗೆ ರಾಶಿ ಕೆಂಪಗೆ ಕೂತಿತ್ತು. ತಮ್ಮ ಮಂಡಿಯೂರಿ ನಮಸ್ಕಾರ ಮಾಡಿದ. ಆಮೇಲೆ, ಹಳೇ ರೂಢಿ ನೋಡಿ, ಬೊಗಸೆ ತುಂಬ ರಾಗಿ ಎತ್ತಿ ಮೂಗಿನ ಹತ್ತಿರ ಒಯ್ದ. ಕಣ್ಣು ಮುಚ್ಚಿ ಇನ್ನೊಂದು ಸಲ ಉಸಿರೆಳೆದ. ಮೆಲ್ಲಗೆ ಬೊಗಸೆ ಇಳಿಸಿ ಹೆಂಡತಿಯ ಮುಂದೆ ಹಿಡಿದು, "ಹೆಂಗೈತೆ ನೋಡಿ ಹೇಳು," ಎಂದ. ಅವಳು ಮೂಸಿ, "ಚೆನ್ನಾಗೈತೆ," ಎಂದಳು. ಮಾವ ಇದನ್ನೆಲ್ಲ ನೋಡುತ್ತಾ ಗೋಡೆಗೆ ಒರಗಿ ನಿಂತಿದ್ದರು.

ಎಲೆ ಹಾಕಿ ಊಟಕ್ಕೆ ಕರೆದರೆ ಮಾವ ಇರಲಿಲ್ಲ. ಟೈರಿನ ಮೆಟ್ಟುಗಳೂ ಇರಲಿಲ್ಲ, ಗೂಟದಲ್ಲಿದ್ದ ಬ್ಯಾಟರಿಯೂ ಇರಲಿಲ್ಲ. ನಾನು ಬಾಗಿಲಿಗೆ ಬಂದೆ. ಹುಣಸೆಮರದ ಕಡೆ ಬ್ಯಾಟರಿಯ ಬೆಳಕು ಆಡುತ್ತಿತ್ತು. ದಡ್, ದಡ್ ಎಂದು ಚರಂಡಿಗೆ ಕಲ್ಲು ಬೀಳುವ ಸದ್ದು. ಹೊಲದ ಮನೆಯಿಂದ ಯಾರೋ ಕೂಗಿದರು, "ಯಾರದು? ಅವು ನಮ್ಮ ಕಲ್ಲು, ನಾಳೆ ಬೇಕು!"

ಕತ್ತಲಲ್ಲಿ ಮಾವನ ದನಿ ಕೇಳಿಸಿತು.

"ನಿಮ್ಮವಾದ್ರೆ ಮನೆಗೆ ಹೊತ್ಕೊಂಡು ಹೋಗ್ರಿ. ತಲೆದಿಂಬು ಮಾಡ್ಕೊಳ್ರಿ."